ನೋಡಿ ಬಂದ ಮೇಲೆ ಹೇಳುವ ಸುದ್ದಿ

ನಮ್ಮ ಮನೆಯಲ್ಲಿ ಹೆಣ್ಣು ಮಗು ಹುಟ್ಟಿದೆ. ಇದನ್ನು ಮೊದಲು ಹೇಳದೆ ಬೇರೆ ಏನನ್ನೂ ಬರೆಯಲು ನನ್ನ ಕೈ ಓಡುವುದಿಲ್ಲ. ಮಗ ಇರ್ಫಾನನ ಮಗಳು. ಮದುವೆಯಾಗಿ ವರ್ಷಗಟ್ಟಲೆ ಕಾಯಿಸಿ ಬಂದವಳು. ಹುಟ್ಟುವಾಗಲೇ ತಲೆತುಂಬ ಕೂದಲು, ಮೂಗು ನನ್ನದು, ಸಿಟ್ಟು ಅವಳ ತಾತನದು. ಹಾಲು ಕುಡಿಯುವಾಗ ಒಂದು ಕೈ ಮೇಲೆತ್ತಿ ಹಿಡಿದಿರುತ್ತಾಳೆ, ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿದ ಹಾಗೆ. ಒಲೆಯ ಮೇಲೆ ಇಟ್ಟದ್ದು ಸೀದು ಹೋಗುತ್ತಿದ್ದರೂ ನಾನು ತೊಟ್ಟಿಲು ಬಿಟ್ಟು ಏಳುವುದಿಲ್ಲ. ಮನೆಯವರು ಬೈಯುತ್ತಾರೆ. ಬೈಯಲಿ.

ಏಳನೆಯ ದಿನ ಮಗುವಿನ ಕೂದಲು ತೆಗೆಸಿ, ಹೆಸರಿಟ್ಟು, ಬೀದಿಗೆಲ್ಲ ಹಂಚಲು ಮಿಠಾಯಿ ಡಬ್ಬಿ ಕಟ್ಟುತ್ತಾ ಕೂತಿದ್ದೆ. ಮೊದಲ ಡಬ್ಬಿ ಯಾರಿಗೆ ಅನ್ನುವುದು ಮಗು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ಗುಬ್ಬಿ ಗೇಟಿನ ಹತ್ತಿರ ಬಾಡಿಗೆ ಮನೆಯಲ್ಲಿದ್ದ ಅವರಿಗೆ. ಆ ಡಬ್ಬಿಗೆ ದಾರ ಸುತ್ತುತ್ತಿರುವಾಗಲೇ ಫೋನ್ ಬಂತು, ಅವರು ತೀರಿಕೊಂಡರಂತೆ ಅಂತ.

ನಾನು ಅಳಲಿಲ್ಲ. ಇರ್ಫಾನನನ್ನು ಕರೆದು, ಹೋಗಿ ನೋಡಿಕೊಂಡು ಬಾ ಅಂದೆ. ಸೊಸೆ ನನ್ನ ಮುಖ ನೋಡಿದಳು. ಸಾವಿನ ಸುದ್ದಿ ಬಂದಾಗ ಹೀಗಾ ಹೇಳೋದು ಅಂತ ಅವಳಿಗೆ ಅನ್ನಿಸಿರಬೇಕು. ಇರ್ಫಾನ್ ಮಾತ್ರ ಮರುಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಹೋದ. ಸತ್ತರು ಅನ್ನುವ ಸುದ್ದಿಯನ್ನು ಕಣ್ಣಾರೆ ನೋಡಿ ಬಂದ ಮೇಲೆಯೇ ಬಾಯಿಬಿಟ್ಟು ಹೇಳಬೇಕು ಅನ್ನುವುದು ಅವರೇ ಮಾಡಿದ ಕಾನೂನು, ಅದೂ ನಮ್ಮ ಮನೆಯ ಮಹಡಿಯ ಮೇಲೆ ಕೂತು.

ಅವರ ಹೆಸರು ನಾನು ಬರೆಯುವುದಿಲ್ಲ. ಕೇಳಿ ಬರೆಯೋಣವೆಂದರೆ ಈಗ ಕೇಳುವ ಹಾಗಿಲ್ಲ.

ನಾನು ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ತನಕ ಓದಿದವಳು. ನಮ್ಮ ಮನೆಯವರದು ಪೇಟೆಯಲ್ಲಿ ಟ್ರಂಕಿನ ಅಂಗಡಿ. ಅಂಗಡಿಯ ತಗಡಿನ ಸದ್ದು ಕೇಳಿ ಕೇಳಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತಿತ್ತು. ಮನೆ ಮಹಡಿಯ ಮೇಲೆ ಒಂದು ರೂಮು ಖಾಲಿ ಇತ್ತು. ಊರಿಗೆ ಕೇಬಲ್ ಬಂದ ಹೊಸತು. ಮದುವೆಗಳ ವಿಡಿಯೋ ತೆಗೆಯುತ್ತಿದ್ದ ಒಬ್ಬರು ಬಂದು, ದಿನಾ ಸಂಜೆ ತುಮಕೂರಿನ ಸುದ್ದಿ ಓದಿ ಕೇಬಲ್‌ನವರಿಗೆ ಕ್ಯಾಸೆಟ್ ಕೊಡುತ್ತೇನೆ, ರೂಮು ಬೇಕು ಅಂದರು. ತೆಳ್ಳಗಿದ್ದರು. ಯಾರ ಮನೆಗೆ ಹೋದರೂ ಒಳಗೆ ಬರುವ ಮೊದಲು ಬಾಗಿಲ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಲ್ಲುತ್ತಿದ್ದರು, ಮನೆಗೆ ಜ್ವರ ಇದೆಯಾ ಅಂತ ನೋಡುವ ಹಾಗೆ. ಆ ಅಭ್ಯಾಸ ಕೊನೆಯವರೆಗೂ ಹೋಗಲಿಲ್ಲ. ನನ್ನನ್ನು ಮೊದಲ ದಿನದಿಂದಲೇ ಆಪಾ, ಅಂದರೆ ಅಕ್ಕ, ಅಂದರು. ನಾನು ಅವರನ್ನು ಭಾಯಿ ಅಂದೆ.

ಅವರು ಸುದ್ದಿ ಓದುವಾಗ ಹಿಂದೆ ಕಾಣುತ್ತಿದ್ದ ನೀಲಿ ಬಟ್ಟೆ ನನ್ನ ಹೊದಿಕೆ. ಗೋಡೆಯ ಸುಣ್ಣ ಉದುರಿದ್ದು ಕಾಣಬಾರದು ಅಂತ ಮೊಳೆ ಹೊಡೆದು ತೂಗುಹಾಕಿದ್ದರು. ಊರಿನವರೆಲ್ಲ ಸಂಜೆ ನನ್ನ ಹೊದಿಕೆ ನೋಡುತ್ತಿದ್ದಾರಲ್ಲ ಅಂತ ನನಗೆ ಒಳಗೊಳಗೇ ಎಷ್ಟು ಹೆಮ್ಮೆ! ಸಂಜೆ ಮಸೀದಿಯಲ್ಲಿ ಮಗ್ರಿಬ್‌ನ ಆಜಾನ್ ಮುಗಿದ ಮೇಲೆಯೇ ಓದಲು ಕೂರುತ್ತಿದ್ದರು. ಅದಕ್ಕೂ ಮೊದಲು ಮೆಟ್ಟಿಲ ಅರ್ಧಕ್ಕೆ ಇಳಿದು ಬಂದು, "ಆಪಾ, ಕುಕ್ಕರ್ ಸ್ವಲ್ಪ ಇಳಿಸ್ತೀರಾ? ಸುದ್ದಿ ಶುರು," ಅನ್ನುತ್ತಿದ್ದರು. ಅವರ ಸುದ್ದಿ ಮುಗಿಯುವ ತನಕ ನಮ್ಮ ಮನೆಯ ಬೇಳೆ ಬೇಯುತ್ತಿರಲಿಲ್ಲ.

ಆ ಸುದ್ದಿಯಲ್ಲಿ ಜನ ಕಾದು ನೋಡುತ್ತಿದ್ದದ್ದು ಕೊನೆಯ ಭಾಗ. ಇಂದು ತೀರಿಕೊಂಡವರು. ಫೋಟೋ, ಹೆಸರು, ಬೀದಿ, ಮಣ್ಣು ಮಾಡುವ ಹೊತ್ತು. ಅದಕ್ಕಾಗಿ ಜನ ಅಂಗಡಿಗಳಿಂದ ಫೋನ್ ಮಾಡಿ ಹೇಳುತ್ತಿದ್ದರು. ಇವರು ಹೇಳಿದ್ದನ್ನು ಬರೆದುಕೊಂಡು ತಮ್ಮ ಮೊಪೆಡ್ ಹತ್ತಿ ಆ ಮನೆಗೆ ಹೋಗಿ, ಮುಖ ನೋಡಿ, ಕೈಮುಗಿದು ಬಂದ ಮೇಲೆಯೇ ಓದುತ್ತಿದ್ದರು. ಗುಬ್ಬಿಯಾದರೂ ಸರಿ, ಕ್ಯಾತ್ಸಂದ್ರದ ಆಚೆಯಾದರೂ ಸರಿ. ಹೋಗಲಾಗದಿದ್ದರೆ ಆ ದಿನ ಓದುತ್ತಿರಲಿಲ್ಲ. ಸತ್ತವರಿಗೇನು ಅವಸರ ಅಂತ ನಗುತ್ತಿದ್ದರು.

ಒಂದು ಸಲ ಮರದ ಮಂಡಿ ಸಾಹುಕಾರರೊಬ್ಬರು ಹೋದರು ಅಂತ ಯಾರೋ ಹಗೆಯವರು ಫೋನ್ ಮಾಡಿದರು. ಇವರು ಹೋದರೆ ಬಾಗಿಲು ತೆಗೆದವರು ಆ ಸಾಹುಕಾರರೇ, ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು. ಏನ್ರೀ ಅಂತ ಕೇಳಿದರಂತೆ. ಏನಿಲ್ಲ, ಹಂಗೇ ಆರೋಗ್ಯ ವಿಚಾರಿಸ್ಕೊಂಡು ಹೋಗಣ ಅಂತ ಬಂದೆ ಅಂದು ಇವರು ಕಾಫಿ ಕುಡಿದು ಎದ್ದು ಬಂದರು. ಸಾಹುಕಾರರು ಸಾಯುವ ತನಕ ಇವರನ್ನು ಎಷ್ಟು ಒಳ್ಳೇ ಮನುಷ್ಯ ಅಂತ ಹೊಗಳುತ್ತಿದ್ದರು. ಆದರೆ ಬರಬರುತ್ತಾ ಇವರ ಮೊಪೆಡ್ ಯಾರ ಮನೆ ಮುಂದೆ ನಿಂತರೂ ಅಕ್ಕಪಕ್ಕದವರು ಹೊರಗೆ ಬಂದು ಇಣುಕುವ ಹಾಗಾಯಿತು. ನಮ್ಮ ಮನೆಯವರು ಇವರನ್ನು ಮೆಟ್ಟಿಲಲ್ಲಿ ನಿಲ್ಲಿಸಿಕೊಂಡು ಚುಡಾಯಿಸುತ್ತಿದ್ದರು. "ನಮ್ಮನೆ ಮುಂದೆ ಗಾಡಿ ನಿಲ್ಲಿಸ್ಬೇಡ ಮಾರಾಯ. ನಾನು ಹೋದೆ ಅಂತ ಅಂಗಡೀಲಿ ಸಾಲ ಮಾಡಿರೋರು ಕೊಡೋದನ್ನ ನಿಲ್ಲಿಸ್ಬಿಡ್ತಾರೆ."

ಇಂಥವರನ್ನು ಬೆಂಗಳೂರಿನವರು ಕರೆದುಕೊಂಡು ಹೋದರು. ದೊಡ್ಡ ಚಾನಲ್. ಮೊದಲು ಜಿಲ್ಲೆಗಳ ಸುದ್ದಿ ನೋಡಿಕೊಳ್ಳುವ ಕೆಲಸ, ಆಮೇಲೆ ಅದಕ್ಕಿಂತ ಮೇಲಿನದು, ಕೆಲವು ವರ್ಷಕ್ಕೆ ಇಡೀ ಸುದ್ದಿಗೇ ಮುಖ್ಯಸ್ಥರು. ನ್ಯೂಸ್ ಹೆಡ್ ಅಂತ ಇರ್ಫಾನ್ ಹೇಳಿದ. ಮೊಪೆಡ್ ಹೋಗಿ ಕಾರು ಬಂತು, ಕಾರು ಓಡಿಸುವವನು ಬಂದ. ಆದರೂ ಊರಿಗೆ ಬಂದರೆ ನಮ್ಮ ಮನೆಗೆ ಬರುತ್ತಿದ್ದರು. ಚೌಕಟ್ಟಿನ ಮೇಲೆ ಕೈ ಇಟ್ಟು ನಿಂತು, ಆಪಾ ಕುಕ್ಕರ್ ಇಳಿಸ್ತೀರಾ ಅನ್ನುತ್ತಿದ್ದರು, ನಗಿಸಲು.

ಒಂದು ಸಲ ಬೆಂಗಳೂರಿಗೆ ಹೋದಾಗ ನಾನೂ ಅವರ ಆಫೀಸು ನೋಡಿ ಬಂದೆ. ಗೋಡೆ ತುಂಬ ಟೀವಿಗಳು. ಒಂದೊಂದರಲ್ಲೂ ಬೇರೆ ಬೇರೆ ಚಾನಲ್, ಯಾವುದಕ್ಕೂ ದನಿ ಇಲ್ಲ. ಬಾಯಿಗಳು ಮಾತ್ರ ಆಡುತ್ತಿದ್ದವು. ಅವರು ನನ್ನ ಜೊತೆ ಮಾತಾಡುತ್ತಿದ್ದರೂ ಕಣ್ಣು ಆ ಗೋಡೆಯ ಮೇಲೆಯೇ. ಆ ಚಾನಲ್‌ನಲ್ಲಿ ಬಂತು ನಮ್ಮಲ್ಲಿ ಯಾಕಿಲ್ಲ ಅಂತ ಒಬ್ಬ ಬಂದು ಕೇಳಿದ, ಇನ್ನೊಬ್ಬ ಬಂದು ಕೇಳಿದ. ಈಗ ಸತ್ತೋರ ಮುಖ ನೋಡೋಕೆ ಯಾರು ಹೋಗ್ತಾರೆ ಭಾಯಿ ಅಂತ ನಾನು ತಮಾಷೆಗೆ ಕೇಳಿದೆ. ನೋಡೋಕೆ ಹೋಗಿ ಬರೋ ಹೊತ್ತಿಗೆ ಇವ್ರೆಲ್ಲ ಹೇಳಿ ಮುಗಿಸಿರ್ತಾರೆ ಆಪಾ ಅಂದರು. ನಕ್ಕರು. ಅದು ಅವರ ನಗುವಾಗಿರಲಿಲ್ಲ.

ಇನ್ನು ಆ ದಿನದ ಮಾತು ಬರೆಯಬೇಕು. ತೊಟ್ಟಿಲು ಒಂದು ಸಲ ತೂಗಿ ಬಂದು ಬರೆಯುತ್ತಿದ್ದೇನೆ.

ಇರ್ಫಾನ್ ಆಗ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿದ್ದ. ಅಲ್ಲಿ ಹುಡುಗರ ನಡುವೆ ಒಂದು ಪದ್ಧತಿ. ಗೇಟಿನಲ್ಲಿ ಎಲ್ಲರೂ ತಮ್ಮ ತಮ್ಮ ಕಾರ್ಡನ್ನು ಮೆಷಿನ್ನಿಗೆ ತೂರಿಸಿ ಹೊತ್ತು ಹೊಡೆಯಬೇಕು. ಯಾರಿಗಾದರೂ ಅರ್ಧ ದಿನ ಬೇರೆ ಕೆಲಸವಿದ್ದರೆ ಅವನ ಕಾರ್ಡನ್ನು ಸ್ನೇಹಿತ ಹೊಡೆಯುತ್ತಿದ್ದ. ಇವನು ಇಲ್ಲದಿದ್ದರೂ ಕಾರ್ಡಿನ ಪ್ರಕಾರ ಒಳಗೆ ಇದ್ದಾನೆ. ಇವತ್ತು ನಿನಗೆ ನಾನು, ನಾಳೆ ನನಗೆ ನೀನು. ಅದರಲ್ಲಿ ತಪ್ಪು ಅನ್ನಿಸಿದವರು ಯಾರೂ ಇರಲಿಲ್ಲ.

ಆ ದಿನ ಇರ್ಫಾನ್ ಕುಣಿಗಲ್‌ಗೆ ಹೋಗಿದ್ದ. ಹುಡುಗಿಯ ಕಡೆಯವರು, ಅಂದರೆ ಈಗಿನ ನನ್ನ ಸೊಸೆಯ ಮನೆಯವರು, ಮಾತು ಮುಗಿಸಲು ಕರೆದಿದ್ದರು. ಅವನ ಕಾರ್ಡನ್ನು ಸ್ನೇಹಿತ ಹೊಡೆದಿದ್ದ. ಅದೇ ಶಿಫ್ಟಿನಲ್ಲಿ ನಿಟ್ಟೂರಿನವನೊಬ್ಬ ಇದ್ದ. ಅವನೂ ಮಾರ್ಕೋನಹಳ್ಳಿಯ ಹತ್ತಿರ ಅಕ್ಕನ ಗದ್ದೆಗೆ ನಾಲೆಯ ನೀರು ತಿರುಗಿಸಲು ಹೋಗಿದ್ದ, ಮನೆಯಲ್ಲಿ ಹೇಳದೆ. ಅವನ ಕಾರ್ಡನ್ನೂ ಯಾರೋ ಹೊಡೆದಿದ್ದರು.

ಮಧ್ಯಾಹ್ನ ಕಾರ್ಖಾನೆಯಲ್ಲಿ ಡ್ರಮ್ಮುಗಳು ಸಿಡಿದು ಬೆಂಕಿ ಬಿತ್ತು. ಒಳಗಿದ್ದ ಹಲವರು ನಿಜವಾಗಿಯೂ ಹೋದರು. ಆ ಮನೆಗಳ ದುಃಖ ಬೇರೆ, ಅದನ್ನು ಬರೆಯಲು ನಾನು ಯಾರು. ಮುಖ ಗುರುತು ಸಿಗುವ ಹಾಗಿರಲಿಲ್ಲ. ಗೇಟಿನ ಬಳಿ ನಿಂತ ಟೀವಿಯವರು ಕಾರ್ಡು ಹೊಡೆದು ಹೊರಗೆ ಬಾರದವರು ಯಾರು ಯಾರು ಅಂತ ಕೇಳಿ, ಆ ಹೆಸರುಗಳನ್ನು ಬೆಂಗಳೂರಿಗೆ ಫೋನಿನಲ್ಲಿ ಹೇಳಿದರು.

ನನಗೆ ಇದು ಯಾವುದೂ ಗೊತ್ತಿಲ್ಲ. ಅಕ್ಕಿ ಆರಿಸುತ್ತಾ ಕೂತಿದ್ದೆ. ಫೋನ್ ಬಂತು. ಅವರ ದನಿ.

"ಆಪಾ, ಇರ್ಫಾನ್ ಎಲ್ಲಿ?"

"ಕುಣಿಗಲ್‌ಗೆ ಹೋಗವ್ನೆ ಭಾಯಿ. ಹುಡುಗಿ ಮನೆಯೋರು ಕರೆದಿದ್ರು."

"ಕಾರ್ಖಾನೆಗೆ ಹೋಗ್ಲಿಲ್ವಾ?"

"ಇಲ್ಲ. ಬೆಳಿಗ್ಗೇನೇ ನಾನೇ ಬಸ್ ಹತ್ಸಿ ಬಂದೆ. ಯಾಕೆ?"

ಆ ಕಡೆ ಗೋಡೆಯ ಮೇಲಿನ ಟೀವಿಗಳಿಗೆ ದನಿ ಬಂದ ಹಾಗೆ ಹಿಂದೆ ಯಾರೋ ಯಾರನ್ನೋ ಕೂಗುತ್ತಿದ್ದದ್ದು ಕೇಳಿಸಿತು. "ನಿಮ್ಮ ಕೈಯಾರೆ ಹತ್ತಿಸಿದ್ರಲ್ಲ, ಸಾಕು," ಅಂದರು. "ಯಾರು ಬಂದು ಏನು ಹೇಳಿದ್ರೂ ನಂಬ್ಬೇಡಿ. ಟೀವಿ ಹಾಕ್ಬೇಡಿ."

ಫೋನ್ ಇಟ್ಟು ಸ್ವಲ್ಪ ಹೊತ್ತಿಗೇ ಎದುರು ಮನೆಯವರು ಎದೆ ಬಡಿದುಕೊಂಡು ಬಂದರು. ಬೇರೆ ಎರಡು ಚಾನಲ್‌ಗಳಲ್ಲಿ ಇರ್ಫಾನನ ಹೆಸರು ಬಂದಿತ್ತು. ನಮ್ಮ ಮನೆಯವರು ಅಂಗಡಿಯಿಂದ ಬರಿಗಾಲಲ್ಲಿ ಓಡಿ ಬಂದರು. ಅವರಿಗೆ ಆಗಲೇ ಎದೆಯ ಕಾಯಿಲೆ ಇತ್ತು. ನಾನು ಬಾಗಿಲಲ್ಲೇ ಅವರ ತೋಳು ಹಿಡಿದು, ಭಾಯಿ ಫೋನ್ ಮಾಡಿದ್ದರು, ಅವರ ಟೀವಿಯಲ್ಲಿ ಹೇಳಿಲ್ಲ, ನನ್ನ ಮಗ ಕುಣಿಗಲ್‌ನಲ್ಲಿದ್ದಾನೆ ಅಂದೆ. ಆ ಫೋನ್ ಬಾರದೇ ಇದ್ದಿದ್ದರೆ ಆ ದಿನ ನಮ್ಮ ಮನೆಯಲ್ಲಿ ಎರಡು ಸಾವಿನ ಸುದ್ದಿಯಾಗಿ, ಅದರಲ್ಲಿ ಒಂದಾದರೂ ನಿಜವಾಗುತ್ತಿತ್ತು. ಇರ್ಫಾನ್ ಸಂಜೆ ಬಸ್ಸಿಳಿದು, ಬೀದಿಯ ಜನವೆಲ್ಲ ತನ್ನನ್ನೇ ಮುಟ್ಟಿ ಮುಟ್ಟಿ ನೋಡುವುದು ಕಂಡು, ಹೆಣ್ಣು ನೋಡಿ ಬಂದದ್ದಕ್ಕೆ ಇಷ್ಟೊಂದು ಸಂಭ್ರಮವಾ ಅಂದುಕೊಂಡನಂತೆ.

ಅವರು ಮುಂದಿನ ವಾರ ಬಂದರು. ನಾನು ಹಾಲು ಶಾವಿಗೆಯ ಶೀರ್‌ಖುರ್ಮಾ ಮಾಡಿ ಎದುರಿಗಿಟ್ಟು, ನನ್ನ ಮಗನ ಹೆಸರು ತಡೆದಿರಲ್ಲ ಭಾಯಿ, ನಿಮ್ಮ ಋಣ ತೀರಿಸಲಾರೆ ಅಂದೆ. ಅವರು ಬಟ್ಟಲು ಮುಟ್ಟಲಿಲ್ಲ.

"ಒಂದು ಫೋನ್ ಮಾಡ್ದೆ ಆಪಾ," ಅಂದರು. "ಹೆಸರು ಗೊತ್ತಿತ್ತು, ಮಾಡ್ದೆ. ಮಿಕ್ಕ ಹೆಸರೆಲ್ಲ ಓದಿ ಅಂದೆ."

ಆಗಲೇ ನಿಟ್ಟೂರಿನದು ಹೇಳಿದ್ದು. ಅವರ ಚಾನಲ್‌ನಲ್ಲಿ ಆ ಮನುಷ್ಯನ ಹೆಸರು, ಊರು ಎರಡನ್ನೂ ಓದಿದ್ದರು. ಊರಿನವರು ಕೇಳಿದರು. ಮುಖ ನೋಡುವ ಹಾಗೂ ಇಲ್ಲವಂತೆ, ಹೆಣ ಯಾವಾಗ ಕೊಡುತ್ತಾರೋ ಗೊತ್ತಿಲ್ಲ ಅಂದುಕೊಂಡು, ಮನೆಯ ಹಿರಿಯ ಹೆಂಗಸರು ಹೆಂಡತಿ ಜಯಮ್ಮನನ್ನು ಕೂರಿಸಿ ಕುಂಕುಮ ಅಳಿಸಿ, ಬಳೆ ಒಡೆದು, ತಾಳಿ ತೆಗೆದರು. ಹೆಣ ಬರುವ ತನಕ ಕಾಯಬೇಕು ಅಂತ ಯಾರಿಗೂ ತೋಚಲಿಲ್ಲ. ಟೀವಿಯಲ್ಲೇ ಹೇಳಿದರಲ್ಲ. ಮಾರನೆಯ ದಿನ ಗಂಡ ಹೆಗಲ ಮೇಲೆ ಅಕ್ಕ ಕೊಟ್ಟ ಹಲಸಿನಹಣ್ಣು ಹೊತ್ತು ಮನೆಗೆ ಬಂದ.

ಬಂದವನನ್ನು ಹಾಗೆಯೇ ಒಳಗೆ ಸೇರಿಸುವಂತಿಲ್ಲ ಅಂದರಂತೆ ಊರಿನ ಹಿರಿಯರು. ಒಂದು ಸಲ ಸತ್ತ ಎಂದು ಶಾಸ್ತ್ರ ನಡೆದ ಮೇಲೆ ಅವನು ಹೊಸದಾಗಿ ಹುಟ್ಟಿದ ಲೆಕ್ಕ. ಮತ್ತೆ ಹೆಸರಿಡಬೇಕು, ಮತ್ತೆ ತಾಳಿ ಕಟ್ಟಬೇಕು. ಅದಕ್ಕೆ ದಿನ ನೋಡಿದ್ದರು. ನಾನು ಹೋಗಬೇಕು ಆಪಾ, ಹೆಂಗಸರು ಒಬ್ಬರು ಜೊತೆಗಿದ್ದರೆ ಒಳಗೆ ಬಿಡುತ್ತಾರೇನೋ ಅಂದರು. ಇಂಥ ಮಾತು ಕೇಳಿ ಯಾರು ಇಲ್ಲ ಅನ್ನುತ್ತಾರೆ. ಕಾರನ್ನು ತುಮಕೂರಿನಲ್ಲೇ ಬಿಟ್ಟು, ಪ್ಯಾಸೆಂಜರ್ ರೈಲಿನಲ್ಲಿ ನಿಟ್ಟೂರಿಗೆ ಹೋದೆವು.

ಮನೆ ಮುಂದೆ ಸಣ್ಣ ಚಪ್ಪರ. ಗಂಡ ಹೊಸ ಪಂಚೆ ಉಟ್ಟು, ಎಲ್ಲಿ ನೋಡಬೇಕೋ ತಿಳಿಯದೆ ಕೂತಿದ್ದ. ಜಯಮ್ಮ ತಲೆ ಎತ್ತಲಿಲ್ಲ. ಕೈಯಲ್ಲಿ ಹೊಸ ಬಳೆ, ಮಣಿಕಟ್ಟಿನಲ್ಲಿ ಹಳೆಯ ಬಳೆಯ ಗಾಯ. ಇವರು ಯಾರೆಂದು ಗೊತ್ತಾದಾಗ ಒಬ್ಬ ಮುದುಕಪ್ಪ ಎದ್ದು ಬಂದ.

"ಏನ್ಸಾಮಿ, ಕ್ಯಾಮೆರಾ ಎಲ್ಲಿ? ಸಾವ್ನ ತೋರ್ಸಿದ್ರಿ. ಮದ್ವೆನೂ ತೋರ್ಸಿ."

ಇವರು ಚೌಕಟ್ಟಿನ ಮೇಲೆ ಇಡಲು ಎತ್ತಿದ್ದ ಕೈಯನ್ನು ಹಾಗೆಯೇ ಇಳಿಸಿ, ಚಪ್ಪರದ ಹೊರಗೇ ನಿಂತರು. ಶಾಸ್ತ್ರವೆಲ್ಲ ಮುಗಿದ ಮೇಲೆ ಜಯಮ್ಮನೇ ಒಂದು ಚೊಂಬು ನೀರು ತಂದು ಇಬ್ಬರಿಗೂ ಕೊಟ್ಟಳು. ಬೈಯಲಿಲ್ಲ, ಇರಲಿ ಬಿಡಿ ಅಂತಲೂ ಅನ್ನಲಿಲ್ಲ. ನೀರು ಕೊಟ್ಟಳು.

ಬೆಂಗಳೂರಿಗೆ ಹೋಗಿ ಇವರು, ನಾವು ತಪ್ಪು ಹೇಳಿದೆವು ಅಂತ ಪ್ರತಿ ಸುದ್ದಿಯಲ್ಲೂ ಬಾಯಲ್ಲಿ ಓದಿಸಬೇಕು ಅಂತ ಹಟ ಹಿಡಿದರು. ಅವರ ಮೇಲಿನವರು ಕೇಳಿದರಂತೆ, ಬದುಕಿರೋನು ಬದುಕಿದಾನೆ ಅನ್ನೋದು ಸುದ್ದಿನಾ ಅಂತ. ಕೊನೆಗೆ ಟೀವಿಯ ಕೆಳಗೆ ಒಂದು ಸಾಲು ಓಡಿತು. ಜಯಮ್ಮನಿಗೆ ಓದು ಬಾರದು. ಓದು ಬಂದವರಿಗೂ ಆ ಸಾಲು ನಿಲ್ಲಲಿಲ್ಲ.

ಆಮೇಲೆಯೂ ಕೆಲವು ವರ್ಷ ಅವರು ಆ ಕುರ್ಚಿಯಲ್ಲಿದ್ದರು. ಹೊರಗಿನವರಿಗೆ ಏನೂ ಬದಲಾದ ಹಾಗೆ ಕಾಣಲಿಲ್ಲ. ಆದರೆ ಆಗಾಗ ನಿಟ್ಟೂರಿಗೆ ಹೋಗುತ್ತಿದ್ದರು ಅನ್ನುವುದು ನನಗೆ ಗೊತ್ತಿತ್ತು. ಹೋಗಿ ಬಂದ ದಿನ ನಮ್ಮ ಮನೆಗೆ ಬಂದು ಸುಮ್ಮನೆ ಕೂರುತ್ತಿದ್ದರು. ಏನಂದಳು ಅಂತ ನಾನು ಕೇಳುವುದು, ನೀರು ಕೊಟ್ಟಳು ಅಂತ ಅವರು ಹೇಳುವುದು. ಹೀಗೆ ಕೇಳಿ ಕೇಳಿ ನನಗೆ ತಿಳಿದ ಇನ್ನೊಂದು ವಿಷಯ, ತಾಳಿ ಮತ್ತೆ ಕಟ್ಟಿದರೂ ಊರಿನವರು ಜಯಮ್ಮನನ್ನು ಮದುವೆ, ಸೀಮಂತಗಳಲ್ಲಿ ಆರತಿಗೆ ಕರೆಯುತ್ತಿರಲಿಲ್ಲ. ಒಂದು ಸಲ ಕುಂಕುಮ ಅಳಿಸಿದ ಹಣೆ ಅಂತ. ಗಂಡ ಎದುರಿಗೇ ಓಡಾಡಿಕೊಂಡಿದ್ದಾನೆ, ಅವಳು ಹೊಸಿಲಾಚೆ.

ತಮ್ಮ ಮಗಳ ಮದುವೆಗೆ ಇವರೇ ಹೋಗಿ, ಹುಡುಗಿಗೆ ಮೊದಲ ಅರಿಸಿನ ನೀವೇ ಹಚ್ಚಬೇಕು ಅಂತ ಜಯಮ್ಮನನ್ನು ಕರೆದರು. ಹೆಂಡತಿಯನ್ನು ಒಪ್ಪಿಸಲು ಅವರು ಪಟ್ಟ ಪಾಡು ನನಗೆ ಗೊತ್ತು. ಜಯಮ್ಮ ಬರಲಿಲ್ಲ. "ನೀವು ಕರುದ್ರೆ ಏನ್ ಬಂತು ಸಾಮಿ, ನಮ್ಮೂರೋರು ಕರೀಲಿ, ಆಗ ಬತ್ತೀನಿ," ಅಂದಳಂತೆ. ಈ ಮಾತನ್ನು ನನಗೆ ಹೇಳುವಾಗ ಅವರ ದನಿ, ಸುದ್ದಿ ಓದುತ್ತಿದ್ದಾಗಿನ ಹಾಗೆ ಒಂದೇ ಸಮ ಇತ್ತು. ಓದಿ ಮುಗಿಸಿ ಗೋಡೆ ನೋಡುತ್ತಾ ಕೂತರು.

ಕೆಲಸ ಬಿಟ್ಟರೋ ಬಿಡಿಸಿದರೋ ನಾನು ಕೇಳಲಿಲ್ಲ. ತುಮಕೂರಿಗೆ ಬಂದು ಗುಬ್ಬಿ ಗೇಟಿನ ಹತ್ತಿರ ಮನೆ ಮಾಡಿದರು. ಇರ್ಫಾನ್ ಕಂಡರೆ ಅವರಿಗೆ ಪ್ರಾಣ, ಆದರೆ ಬಹಳ ಹೊತ್ತು ಅವನ ಮುಖ ನೋಡುತ್ತಿರಲಿಲ್ಲ. ಅವನಿಗೆ ಮಗುವಾಗುತ್ತದೆ ಅಂತ ನಾನು ಹೇಳಿದ ದಿನ ಎದ್ದು ನಿಂತು, ಎರಡೂ ಕೈ ಹಿಡಿದು, ಹುಟ್ಟಿದ ಕೂಡಲೇ ಹೇಳಿ ಕಳಿಸಿ ಆಪಾ, ಬಂದು ನೋಡುತ್ತೇನೆ ಅಂದರು. ಹೇಳಿ ಕಳಿಸಿದ್ದೆ. ಮೈ ಸರಿಯಿಲ್ಲ, ಏಳನೇ ದಿನಕ್ಕೆ ಬರುತ್ತೇನೆ ಅಂದಿದ್ದರು.

ಇರ್ಫಾನ್ ಹಿಂದಿರುಗಿ ಬಂದ. ಬಾಗಿಲಲ್ಲೇ ನಿಂತ. ನೋಡಿದೆ ಅಮ್ಮಿ ಅಂದ. ಆಗ ನಾನು ಅತ್ತೆ. ಮಗು ಎದ್ದು ಅದೂ ಅತ್ತಿತು. ಅದನ್ನು ಎತ್ತಿಕೊಂಡರೆ ಅಳುವ ನಡುವೆಯೇ ನನಗೆ ಸಂತೋಷವೂ ಉಕ್ಕಿ ಬರುತ್ತಿತ್ತು. ಅದಕ್ಕೆ ನಾನೇನು ಮಾಡಲಿ.

ಮಗುವನ್ನು ಸೊಸೆಯ ಕೈಗೆ ಕೊಟ್ಟು, ಇರ್ಫಾನನ ಜೊತೆ ಹೋದೆ. ಮನೆ ಮುಂದೆ ಜನ. ಆಫೀಸಿನವರು, ಕಾರುಗಳು. ಗೇಟಿನ ಪಕ್ಕ ಗೋಡೆಗೆ ಒರಗಿ ಒಬ್ಬಳು ಹೆಂಗಸು ನಿಂತಿದ್ದಳು. ಹಣೆಯಲ್ಲಿ ಅಗಲವಾದ ಕುಂಕುಮ. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಜಯಮ್ಮ.

ಹತ್ತಿರ ಹೋಗಿ ಯಾರು ಹೇಳಿದರಮ್ಮ ನಿನಗೆ ಅಂತ ಕೇಳಿದೆ.

"ಬೆಳಿಗ್ಗೆ ಟೀವಿಲಿ ಬಂತು," ಅಂದಳು. "ದಿಟವಾ ಅಂತ ನೋಡ್ಕಂಡು ಹೋಗಣ ಅಂತ ಬಂದೆ."

ನನ್ನ ಪಕ್ಕದಲ್ಲಿ ನಿಂತಿದ್ದ ಇರ್ಫಾನನನ್ನು ಒಂದು ಸಲ ನೋಡಿದಳು. ಇವನು ಯಾರು ಅಂತ ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳಬೇಕಿತ್ತು ಅಂತ ಈಗಲೂ ಗೊತ್ತಿಲ್ಲ. ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಜನರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದಳು. ಅವರ ತಲೆಯ ಹತ್ತಿರ ಬಗ್ಗಿ, ಮುಖವನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ಯಾರೋ ಕುಡಿಯಲು ಇಟ್ಟಿದ್ದ ಚೊಂಬಿನಿಂದ ಸ್ವಲ್ಪ ನೀರು ಬೆರಳಲ್ಲಿ ತೆಗೆದು ಅವರ ತುಟಿಗೆ ಮುಟ್ಟಿಸಿದಳು.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ನನ್ನ ಕಡೆ ತಿರುಗಿ ಹೇಳಿದಳು.

"ದಿಟ ಕಣಮ್ಮ."